ಹಾರಾಟದ ನಡುವೆ ಎಂಜಿನ್ ನಿಂತರೆ ಸಣ್ಣ ವಿಮಾನಕ್ಕೆ ಏನಾಗುತ್ತದೆ?

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ್ದ ಎರಡು ಆಸನಗಳ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಗೆ ಸಿಲುಕಿ ಹೊನ್ನಿಹಾಳದ ಬಳಿಯ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕುಳಿದರು. ಇಂಥ ಸುದ್ದಿ ಓದಿದವರಲ್ಲಿ ಅನೇಕರಿಗೆ ಇದೊಂದು ಪವಾಡವೆಂದೇ ತೋರುತ್ತದೆ, ಏಕೆಂದರೆ ಎಂಜಿನ್ ಕೈಕೊಟ್ಟ ವಿಮಾನ ಕಲ್ಲಿನಂತೆ ನೇರ ಕೆಳಗೆ ಬೀಳುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕುಳಿತಿದೆ. 2025ರ ಜೂನ್ 12ರ ಅಹಮದಾಬಾದ್ ದುರಂತದ ಬಳಿಕ ಎಂಜಿನ್ ವೈಫಲ್ಯದ ಮಾತು ಮನೆಮನೆಯಲ್ಲೂ ಕೇಳಿಬಂತು. ಆದರೆ ನೂರಾರು ಜನರನ್ನು ಹೊತ್ತೊಯ್ಯುವ ಜೆಟ್ ವಿಮಾನದ ವಿಷಯವೇ ಬೇರೆ, ಒಂದೇ ಎಂಜಿನ್ನಿನ ಸಣ್ಣ ವಿಮಾನದ ವಿಷಯವೇ ಬೇರೆ. ಈ ಲೇಖನ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದ್ದು.

ಲಘು ವಿಮಾನ ಎಂದರೆ ಯಾವುದು

ಫ್ಲೈಯಿಂಗ್ ಕ್ಲಬ್‌ಗಳಲ್ಲಿ, ತರಬೇತಿ ಶಾಲೆಗಳಲ್ಲಿ, ಖಾಸಗಿ ಹವ್ಯಾಸಿಗಳ ಬಳಿ ಇರುವ ಎರಡರಿಂದ ನಾಲ್ಕು ಆಸನಗಳ ವಿಮಾನಗಳಲ್ಲಿ ಹೆಚ್ಚಿನವುಗಳಿಗೆ ಮೂತಿಯಲ್ಲಿ ಒಂದು ಪ್ರೊಪೆಲ್ಲರ್, ಅದನ್ನು ತಿರುಗಿಸಲು ಒಂದು ಪಿಸ್ಟನ್ ಎಂಜಿನ್ ಇರುತ್ತವೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೆಸ್ನಾ 172 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 172ಎಸ್ ಮಾದರಿ ಪೂರ್ತಿ ಭಾರ ಹೊತ್ತಾಗ ಸುಮಾರು 1157 ಕಿಲೋ ತೂಗುತ್ತದೆ. ಎಂಜಿನ್ 180 ಅಶ್ವಶಕ್ತಿಯದು. ಎಂಜಿನ್ ಒಂದೇ ಇರುವುದರಿಂದ ಅದು ನಿಂತರೆ ನೆರವಿಗೆ ಬರಲು ಇನ್ನೊಂದಿಲ್ಲ, ವಿಮಾನ ಕೆಳಗಿಳಿಯಲೇಬೇಕು. ಎಲ್ಲಿ ಇಳಿಯಬೇಕು, ಯಾವ ವೇಗದಲ್ಲಿ ಇಳಿಯಬೇಕು ಎಂಬುದು ಮಾತ್ರ ಬಹುಮಟ್ಟಿಗೆ ಪೈಲಟ್‌ನ ಕೈಯಲ್ಲೇ ಉಳಿಯುತ್ತದೆ.

ವಿಮಾನವನ್ನು ಎತ್ತಿ ಹಿಡಿದಿರುವುದು ರೆಕ್ಕೆ

ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆ ಸಾಕಷ್ಟು ವೇಗದಿಂದ ಗಾಳಿಯನ್ನು ಸೀಳಿಕೊಂಡು ಮುಂದೆ ಸಾಗುತ್ತಿರುವವರೆಗೆ ಅದರ ಮೇಲೆ ಎತ್ತುವ ಬಲ ಹುಟ್ಟುತ್ತಲೇ ಇರುತ್ತದೆ. ಮಟ್ಟಸವಾದ ಹಾರಾಟದಲ್ಲಿ ಆ ವೇಗವನ್ನು ಕಾಯ್ದುಕೊಳ್ಳುವುದಷ್ಟೇ ಎಂಜಿನ್ನಿನ ಕೆಲಸ. ಎಂಜಿನ್ ನಿಂತಾಗ ಪೈಲಟ್ ವಿಮಾನದ ಮೂತಿಯನ್ನು ತುಸು ತಗ್ಗಿಸಿ, ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತ ವೇಗವನ್ನು ಉಳಿಸಿಕೊಳ್ಳುತ್ತಾನೆ. ಘಟ್ಟದ ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೇ ಸೈಕಲ್ ಓಡುವುದಿಲ್ಲವೇ, ಇದೂ ಹಾಗೆಯೇ. ಈ ರೀತಿಯ ಇಳಿತಕ್ಕೆ ಗ್ಲೈಡ್ ಎನ್ನುತ್ತಾರೆ.

ಪ್ರತಿ ಮಾದರಿಯ ವಿಮಾನಕ್ಕೂ ಅತಿ ಹೆಚ್ಚು ದೂರ ತೇಲಿಸುವ ಒಂದು ನಿರ್ದಿಷ್ಟ ವೇಗವಿದೆ. ಸೆಸ್ನಾ 172ಎಸ್‌ಗೆ ಅದು 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿಲೋಮೀಟರ್. ಗಾಳಿಯಿಲ್ಲದ ದಿನ ಆ ವೇಗದಲ್ಲಿ ಅದು ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ಈ ಲೆಕ್ಕದಲ್ಲಿ ನೆಲದಿಂದ 1000 ಅಡಿ ಎತ್ತರದಲ್ಲಿ ಎಂಜಿನ್ ನಿಂತರೆ ಹೆಚ್ಚೆಂದರೆ ಎರಡೂಮುಕ್ಕಾಲು ಕಿಲೋಮೀಟರ್ ದೂರ ಸಿಗುತ್ತದೆ, ಸಮಯ ಒಂದೂವರೆ ನಿಮಿಷಕ್ಕಿಂತ ಕಡಿಮೆ. 5000 ಅಡಿಯಲ್ಲಿದ್ದರೆ ಆರು ನಿಮಿಷಕ್ಕೂ ಹೆಚ್ಚು ಸಮಯ, ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರ. ಅನುಭವಿ ಪೈಲಟ್‌ಗಳು ಎತ್ತರವನ್ನು ಅಷ್ಟೊಂದು ಇಷ್ಟಪಡುವುದು ಇದೇ ಕಾರಣಕ್ಕೆ. ಮೂತಿಯನ್ನು ಇನ್ನಷ್ಟು ತಗ್ಗಿಸಿ ವೇಗ ಹೆಚ್ಚಿಸಿದರೂ, ಮೂತಿಯೆತ್ತಿ ನಿಧಾನಗೊಳಿಸಿದರೂ ಈ ದೂರ ಕಡಿಮೆಯಾಗುತ್ತದೆ.

ನಿಜವಾದ ಅಪಾಯ: ಸ್ಟಾಲ್

ಕಾರು ಓಡಿಸುವವರು ಎಂಜಿನ್ ಬಂದ್ ಬಿದ್ದರೆ ‘ಸ್ಟಾಲ್ ಆಯಿತು’ ಎನ್ನುತ್ತಾರೆ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎದುರಿನಿಂದ ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಒಂದು ಮಿತಿಯನ್ನು ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಅಲ್ಲಿಂದ ಬಿಟ್ಟುಹೋಗುತ್ತದೆ, ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಎಂಜಿನ್ ಪೂರ್ಣ ಬಲದಲ್ಲಿ ಗರ್ಜಿಸುತ್ತಿದ್ದಾಗಲೂ ಇದು ಆಗಬಹುದು; ಎಂಜಿನ್ ನಿಂತಿದ್ದರೂ ವೇಗ ಸರಿಯಾಗಿದ್ದರೆ ಆಗದೆ ಇರಬಹುದು.

ಎಂಜಿನ್ ನಿಂತಾಗ ಇದರ ಅಪಾಯ ಹೆಚ್ಚಲು ಕಾರಣ ಮನುಷ್ಯನ ಸಹಜ ಪ್ರವೃತ್ತಿ. ನೆಲ ಹತ್ತಿರವಾಗುತ್ತಿರುವುದನ್ನು ಕಂಡ ಕೈ ತಾನಾಗಿಯೇ ನಿಯಂತ್ರಣದ ದಂಡವನ್ನು ಹಿಂದಕ್ಕೆಳೆದು ಮೂತಿಯನ್ನು ಮೇಲೆತ್ತಲು ನೋಡುತ್ತದೆ. ಎಂಜಿನ್ನಿನ ಬಲವಿಲ್ಲದೆ ಮೂತಿ ಎತ್ತಿದರೆ ವೇಗ ಕರಗುತ್ತದೆ, ಕೋನ ಹೆಚ್ಚುತ್ತದೆ, ರೆಕ್ಕೆ ಸೋಲುತ್ತದೆ. ಆಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತರೆ ವಿಮಾನ ಆ ಕಡೆಗೆ ಮಗುಚಿ ಸುತ್ತುತ್ತ ಬೀಳುತ್ತದೆ. ಅದರಿಂದ ಹೊರಬರಲು ಎತ್ತರ ಬೇಕು. ಕೆಲವು ನೂರು ಅಡಿಯಲ್ಲಿ ಅದು ಸಿಗುವುದಿಲ್ಲ.

ತಿರುವಿನಲ್ಲಿ ಈ ಅಂಚು ಇನ್ನೂ ಹತ್ತಿರ ಬರುತ್ತದೆ. ಓರೆಯಾಗಿ ತಿರುಗುವಾಗ ರೆಕ್ಕೆಯು ವಿಮಾನದ ಭಾರವನ್ನು ಹೊರುವುದರ ಜೊತೆಗೆ ಅದನ್ನು ಬದಿಗೂ ಎಳೆಯಬೇಕಾಗುತ್ತದೆ. ಸೆಸ್ನಾ 172ಎಸ್ ನೇರವಾಗಿ ಹಾರುವಾಗ 48 ನಾಟ್‌ನಲ್ಲಿ ಸ್ಟಾಲ್ ಆಗುತ್ತದೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ಓರೆಯಲ್ಲಿ ತಿರುಗಿದರೆ ಇದು 57 ನಾಟ್‌ಗೆ ಏರುತ್ತದೆ, 60 ಡಿಗ್ರಿ ಓರೆಯಲ್ಲಿ 68ಕ್ಕೆ. ಮೇಲೆ ಹೇಳಿದ ಗ್ಲೈಡ್ ವೇಗವೂ 68 ಎಂಬುದನ್ನು ಓದುಗರು ಗಮನಿಸಬೇಕು. ನೇರ ಹಾರಾಟದಲ್ಲಿ 20 ನಾಟ್‌ಗಳಷ್ಟಿದ್ದ ಸುರಕ್ಷತೆಯ ಅಂತರ ಅಂಥ ಕಡಿದಾದ ತಿರುವಿನಲ್ಲಿ ಸೊನ್ನೆಗೆ ಇಳಿದಿರುತ್ತದೆ.

ಮೇಲೇರಿದ ಕೂಡಲೇ ನಿಂತಾಗ: ಸ್ಯಾಂಟಾ ಮೋನಿಕಾ, 2015

ಎಂಜಿನ್ ನಿಲ್ಲುವುದಕ್ಕೆ ಅತಿ ಕೆಟ್ಟ ಗಳಿಗೆ ಎಂದರೆ ರನ್‌ವೇ ಬಿಟ್ಟು ಮೇಲೇರುತ್ತಿರುವ ಮೊದಲ ಒಂದೆರಡು ನಿಮಿಷ. ಆಗ ಎತ್ತರ ಕಡಿಮೆ, ವೇಗ ಕಡಿಮೆ, ಮೂತಿ ಮೇಲ್ಮುಖವಾಗಿರುತ್ತದೆ. 2015ರ ಮಾರ್ಚ್ 5ರ ಮಧ್ಯಾಹ್ನ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಪಘಾತ ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಸ್ಯಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ತಮ್ಮ ಹಳೆಯ ರಯಾನ್ ತರಬೇತಿ ವಿಮಾನದಲ್ಲಿ ಒಬ್ಬರೇ ಹೊರಟಿದ್ದರು. ಅದು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕ ಪೈಲಟ್‌ಗಳ ತರಬೇತಿಗೆಂದು ತಯಾರಾಗಿದ್ದ, ತೆರೆದ ಕಾಕ್‌ಪಿಟ್ಟಿನ, ಐದು ಸಿಲಿಂಡರಿನ ಎಂಜಿನ್ನಿನ ವಿಮಾನ. ಫೋರ್ಡ್ ಅವರಿಗೆ ಆಗ 72 ವರ್ಷ.

ಸಮುದ್ರಮಟ್ಟದಿಂದ ಸುಮಾರು 1100 ಅಡಿ ಎತ್ತರದಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡಿತು. ನಿಲ್ದಾಣವೇ ಸಮುದ್ರಮಟ್ಟಕ್ಕಿಂತ ಸುಮಾರು 170 ಅಡಿ ಮೇಲಿರುವುದರಿಂದ ಅವರ ಕೈಯಲ್ಲಿದ್ದದ್ದು ಒಂಬೈನೂರು ಅಡಿಯ ಆಸುಪಾಸಿನ ಎತ್ತರ. ಅವರು ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಯತ್ನಿಸಿದರು, ತಕ್ಷಣ ಮರಳುತ್ತಿರುವುದಾಗಿ ನಿಯಂತ್ರಣ ಗೋಪುರಕ್ಕೆ ತಿಳಿಸಿದರು. ರನ್‌ವೇವರೆಗೆ ತಲುಪಲಾಗದು ಎಂಬುದು ಅವರಿಗೆ ಬೇಗ ಅರ್ಥವಾಯಿತು. ನಿಲ್ದಾಣದ ಸುತ್ತ ದಟ್ಟವಾಗಿ ಮನೆಗಳಿವೆ. ರನ್‌ವೇಯ ತುದಿಯ ಬಳಿಯೇ ಇರುವ ಪೆನ್ಮಾರ್ ಗಾಲ್ಫ್ ಮೈದಾನವೊಂದೇ ತೆರೆದ ಜಾಗ. ವಿಮಾನ ಎತ್ತರದ ಮರವೊಂದರ ತುದಿಗೆ ತಗುಲಿ ಆ ಮೈದಾನಕ್ಕೆ ಅಪ್ಪಳಿಸಿತು. ಫೋರ್ಡ್ ಗಂಭೀರವಾಗಿ ಗಾಯಗೊಂಡರೂ ಬದುಕಿದರು, ನೆಲದ ಮೇಲಿದ್ದ ಯಾರಿಗೂ ಪೆಟ್ಟಾಗಲಿಲ್ಲ.

ಹೊರಟ ರನ್‌ವೇ ಹಿಂದೆಯೇ ಇರುವಾಗ ತಿರುಗಿ ಅದಕ್ಕೇ ಇಳಿಯಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇಂಗ್ಲಿಷ್ ಮಾತನಾಡುವ ಪೈಲಟ್‌ಗಳು ಅದನ್ನು ‘ಅಸಾಧ್ಯ ತಿರುವು’ ಎಂದೇ ಕರೆಯುತ್ತಾರೆ. ಅರ್ಧ ಸುತ್ತು ತಿರುಗಿದರೆ ವಿಮಾನ ರನ್‌ವೇಯ ನೇರಕ್ಕೆ ಬರುವುದಿಲ್ಲ, ಅದರ ಪಕ್ಕಕ್ಕೆ ಬರುತ್ತದೆ. ಹೀಗಾಗಿ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿ, ರನ್‌ವೇಯ ಕಡೆಗೆ ಸಾಗಿ, ಅಲ್ಲಿ ಮತ್ತೊಮ್ಮೆ ವಿರುದ್ಧ ದಿಕ್ಕಿಗೆ ತಿರುಗಿ ನೇರವಾಗಬೇಕು. ಪ್ರತಿ ತಿರುವೂ ಎತ್ತರವನ್ನು ತಿನ್ನುತ್ತದೆ. ವಿಮಾನಗಳು ಸಾಮಾನ್ಯವಾಗಿ ಎದುರುಗಾಳಿಗೆ ಮುಖಮಾಡಿ ಮೇಲೇರುವುದರಿಂದ ಮರಳುವಾಗ ಅದೇ ಗಾಳಿ ಬೆನ್ನಿಗೆ ಬೀಸಿ, ನೆಲಕ್ಕೆ ಹೋಲಿಸಿದ ವೇಗ ಹೆಚ್ಚುತ್ತದೆ. ಹಾಗೆ ವೇಗವಾಗಿ ಹೋಗುತ್ತಿದ್ದೇವೆ ಎಂಬ ಭ್ರಮೆಯಲ್ಲಿ ಪೈಲಟ್ ಮೂತಿಯೆತ್ತಿ ನಿಧಾನಿಸುವ ಅಪಾಯವೂ ಇದೆ. ಇದೆಲ್ಲ ಶುರುವಾಗುವುದಕ್ಕೆ ಮೊದಲೇ ಎಂಜಿನ್ ನಿಂತಿದೆ ಎಂಬುದನ್ನು ಮನಸ್ಸು ಒಪ್ಪಿಕೊಳ್ಳುವಷ್ಟರಲ್ಲಿ ಕೆಲವು ಅಮೂಲ್ಯ ಸೆಕೆಂಡುಗಳು ಕಳೆದಿರುತ್ತವೆ. ಆದ್ದರಿಂದಲೇ ಎತ್ತರ ಕಡಿಮೆ ಇದ್ದಾಗ ಹಿಂದೆ ತಿರುಗದೆ, ಮುಂದೆ ಅಥವಾ ತುಸು ಎಡಬಲಕ್ಕೆ ಕಾಣುವ ಜಾಗದಲ್ಲೇ ಇಳಿಯಬೇಕೆಂದು ಶಿಷ್ಯರಿಗೆ ಮೊದಲ ದಿನಗಳಿಂದಲೂ ಕಲಿಸಲಾಗುತ್ತದೆ. ಸಾಕಷ್ಟು ಎತ್ತರವಿದ್ದು, ಅಭ್ಯಾಸವಿದ್ದರೆ ತಿರುವು ಸಾಧ್ಯ. ಆದರೆ ಎಷ್ಟು ಎತ್ತರ ಸಾಕು ಎಂಬುದನ್ನು ನೆಲದ ಮೇಲಿರುವಾಗಲೇ ನಿರ್ಧರಿಸಿಕೊಂಡಿರಬೇಕು.

ಎಂಜಿನ್ ನಿಲ್ಲುವುದೇಕೆ

ಪೆಟ್ರೋಲ್ ಎಂಜಿನ್ ಓಡಲು ಇಂಧನ, ಗಾಳಿ, ಕಿಡಿ ಮೂರೂ ಬೇಕು. ಕಿಡಿಯ ವಿಷಯದಲ್ಲಿ ವಿಮಾನದ ಎಂಜಿನ್ ತಯಾರಕರು ವಿಶೇಷ ಎಚ್ಚರ ವಹಿಸಿದ್ದಾರೆ: ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ಕಿಡಿ ಒದಗಿಸಲು ಬ್ಯಾಟರಿಯ ಹಂಗಿಲ್ಲದ ಎರಡು ಪ್ರತ್ಯೇಕ ಮ್ಯಾಗ್ನೆಟೊಗಳು. ಒಂದು ಕೆಟ್ಟರೂ ಎಂಜಿನ್ ಓಡುತ್ತದೆ. ಇಂಧನ ಮತ್ತು ಗಾಳಿಯ ವಿಷಯದಲ್ಲಿ ಅಷ್ಟು ಭದ್ರತೆ ಇಲ್ಲ.

ಇಂಧನ ಪೂರ್ತಿ ಮುಗಿಯುವುದು ಒಂದು ಬಗೆ. ಟ್ಯಾಂಕಿನಲ್ಲಿ ಇಂಧನವಿದ್ದರೂ ಎಂಜಿನ್ನಿಗೆ ತಲುಪದಿರುವುದು ಇನ್ನೊಂದು ಬಗೆ. ಅನೇಕ ಸಣ್ಣ ವಿಮಾನಗಳಲ್ಲಿ ಎಡ ಮತ್ತು ಬಲ ಟ್ಯಾಂಕುಗಳ ನಡುವೆ ಆಯ್ಕೆ ಮಾಡಲು ಒಂದು ತಿರುಗುಹಿಡಿಕೆ ಇರುತ್ತದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ತೀರಿಕೊಂಡದ್ದು ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಲಾಂಗ್-ಈಜಿ ಎಂಬ ಮಾದರಿಯ ವಿಮಾನದಲ್ಲಿ; ಅದನ್ನು ಕಟ್ಟಿದವರು ಈ ಹಿಡಿಕೆಯನ್ನು ಮೂಲ ವಿನ್ಯಾಸದಂತೆ ಪೈಲಟ್‌ನ ಮುಂದೆ ಇಡದೆ ಎಡಭುಜದ ಹಿಂದೆ ಅಳವಡಿಸಿದ್ದರು. ಅದನ್ನು ತಿರುಗಿಸಲು ಪೈಲಟ್ ಮೈಯನ್ನು ಪೂರ್ತಿ ಹೊರಳಿಸಬೇಕಿತ್ತು, ಹಾಗೆ ಹೊರಳಿದಾಗ ಬಲಗಾಲು ತಾನಾಗಿಯೇ ಮೂತಿಯನ್ನು ಎಡಬಲಕ್ಕೆ ಹೊರಳಿಸುವ ರಡ್ಡರ್ ಪೆಡಲುಗಳಲ್ಲಿ ಬಲಬದಿಯದನ್ನು ಒತ್ತುವ ಸಂಭವವಿತ್ತು. ಹಿಡಿಕೆ ತಿರುಗಿಸುವ ಯತ್ನದಲ್ಲಿ ಗಮನ ಬೇರೆಡೆ ಹೋಗಿ, ಅರಿವಿಲ್ಲದೆ ಪೆಡಲ್ ಒತ್ತಿ ವಿಮಾನದ ಹತೋಟಿ ತಪ್ಪಿತು ಎಂದು ತನಿಖೆ ನಿರ್ಣಯಿಸಿತು. ಹೊರಡುವ ಮುನ್ನ ಇಂಧನ ತುಂಬಿಸಿಕೊಳ್ಳದಿದ್ದದ್ದನ್ನೂ ಅದು ಎತ್ತಿ ಹೇಳಿತು. ನೋಡಲು ಇದು ಎಂಜಿನ್ನಿನ ಕಥೆ; ಆದರೆ ಜೀವ ತೆಗೆದದ್ದು ಹತೋಟಿ ತಪ್ಪಿದ್ದು.

ಇಂಧನಕ್ಕೆ ನೀರು ಬೆರೆಯುವುದು ಮತ್ತೊಂದು ಕಾರಣ. ಜಕ್ಕೂರಿನಂಥ ತರಬೇತಿ ನಿಲ್ದಾಣದಲ್ಲಿ ಬೆಳಗಿನ ಹಾರಾಟಕ್ಕೆ ಮುನ್ನ ಪೈಲಟ್ ರೆಕ್ಕೆಯಡಿಯಲ್ಲಿ ಬಾಗಿ, ಸಣ್ಣ ಪಾರದರ್ಶಕ ಕಪ್ಪಿಗೆ ಇಂಧನ ಹಿಡಿದು, ಅದನ್ನು ಬೆಳಕಿಗೆ ಎತ್ತಿ ನೋಡುವ ದೃಶ್ಯ ಸಾಮಾನ್ಯ. ಈ ವಿಮಾನಗಳ 100 ಎಲ್‌ಎಲ್ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ನೀರಿದ್ದರೆ ಅದು ಭಾರವಾದ್ದರಿಂದ ಕಪ್ಪಿನ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕುಳಿತಿರುತ್ತದೆ. ನೀರು ಪೂರ್ತಿ ಹೋಗುವವರೆಗೂ ಮತ್ತೆ ಮತ್ತೆ ಬಸಿಯುತ್ತಾರೆ.

ನಮ್ಮ ಹವೆಯಲ್ಲಿ ನಂಬಲು ಕಷ್ಟವಾಗುವ ಕಾರಣವೊಂದಿದೆ: ಮಂಜುಗಡ್ಡೆ. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಗಾಳಿಗೆ ಇಂಧನವನ್ನು ಬೆರೆಸುವ ಭಾಗಕ್ಕೆ ಕಾರ್ಬ್ಯುರೇಟರ್ ಎನ್ನುತ್ತಾರೆ. ಅದರ ಕಿರಿದಾದ ಕಂಠದಲ್ಲಿ ಗಾಳಿ ನುಗ್ಗುವಾಗ ಒತ್ತಡ ಇಳಿದು, ಇಂಧನ ಆವಿಯಾಗಿ, ತಾಪಮಾನ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ 20 ಡಿಗ್ರಿಯ ಹಿತವಾದ, ತೇವಭರಿತ ಹವೆ ಇದ್ದಾಗಲೂ ಆ ಕಂಠದೊಳಗೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚಬಹುದು. ಮಳೆಗಾಲದ ಬೆಂಗಳೂರಿನ ಬೆಳಗಿನ ಹವೆ ಇದಕ್ಕೆ ತಕ್ಕುದಾಗಿಯೇ ಇರುತ್ತದೆ. ಎಂಜಿನ್ನಿನ ಬಿಸಿಗಾಳಿಯನ್ನು ಕಾರ್ಬ್ಯುರೇಟರಿಗೆ ಹಾಯಿಸುವ ಒಂದು ಗುಂಡಿಯನ್ನು ಕಾಕ್‌ಪಿಟ್ಟಿನಲ್ಲಿ ಇಟ್ಟಿರುವುದು ಈ ಮಂಜನ್ನು ಕರಗಿಸಲೆಂದೇ. ಅಪಘಾತದ ನಂತರ ಮಂಜು ಕರಗಿಹೋಗಿರುವುದರಿಂದ ತನಿಖಾಧಿಕಾರಿಗಳಿಗೆ ಅದರ ಕುರುಹೇ ಸಿಗುವುದಿಲ್ಲ ಎಂಬುದು ಇದರ ಇನ್ನೊಂದು ತೊಡಕು. ಇಂಧನವನ್ನು ನೇರವಾಗಿ ಚಿಮ್ಮಿಸುವ ಹೊಸ ಎಂಜಿನ್ನುಗಳಲ್ಲಿ ಈ ತೊಂದರೆ ಇಲ್ಲ.

ಉಳಿದವು ಯಾಂತ್ರಿಕ ಕಾರಣಗಳು. ಎಣ್ಣೆ ಸೋರಬಹುದು, ಕವಾಟ ಮುರಿಯಬಹುದು, ಬೇರಿಂಗ್ ಸವೆಯಬಹುದು. ಫೋರ್ಡ್ ಅವರ ವಿಮಾನದಲ್ಲಿ ಆದದ್ದು ಈ ಬಗೆಯದು. ಕಾರ್ಬ್ಯುರೇಟರಿನಲ್ಲಿ ಇಂಧನದ ಹರಿವನ್ನು ಅಳೆದು ಬಿಡುವ ಜೆಟ್ ಎಂಬ ಸಣ್ಣ ಬಿಡಿಭಾಗವು ತನ್ನ ತಿರುಪಿನಿಂದ ಕಳಚಿಕೊಂಡಿತ್ತು. ಅಳತೆ ತಪ್ಪಿ ಇಂಧನ ಮಿತಿಮೀರಿ ಹರಿಯಿತು. ಇಂಧನ ಹೆಚ್ಚಾದರೂ ಎಂಜಿನ್ ನಿಲ್ಲುತ್ತದೆ ಎಂಬುದು ಹೊಸಬರಿಗೆ ವಿಚಿತ್ರವೆನಿಸಬಹುದು; ಆದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಬೇಕು, ಆ ಪ್ರಮಾಣ ತೀರಾ ಕೆಟ್ಟರೆ ಮಿಶ್ರಣ ಉರಿಯುವುದಿಲ್ಲ. ಅಪಘಾತಕ್ಕೆ ಸುಮಾರು 17 ವರ್ಷ ಮೊದಲು ಆ ಕಾರ್ಬ್ಯುರೇಟರನ್ನು ಬಿಚ್ಚಿ ಮರುಜೋಡಿಸಲಾಗಿತ್ತು. ಜೆಟ್ ಕಾಲಕ್ರಮೇಣ ಸಡಿಲಗೊಂಡಿರಬೇಕೆಂದು ತನಿಖೆ ಅಭಿಪ್ರಾಯಪಟ್ಟಿತು. ಆ ಭಾಗವನ್ನು ನಿಯತವಾಗಿ ಪರೀಕ್ಷಿಸಬೇಕೆಂಬ ಸೂಚನೆಯೇ ಇರಲಿಲ್ಲ. ಗಾಳಿಯಲ್ಲಿದ್ದ ಪೈಲಟ್ ಅದನ್ನು ಕಂಡುಹಿಡಿಯುವ ಅಥವಾ ಸರಿಪಡಿಸುವ ಯಾವ ದಾರಿಯೂ ಇರಲಿಲ್ಲ.

ಇಳಿಯುವ ಆ ಕೆಲವು ನಿಮಿಷ

ತರಬೇತಿಯಲ್ಲಿ ಕಲಿಸುವ ಕ್ರಮ ಸರಳವಾಗಿದೆ. ಮೊದಲು ಗ್ಲೈಡ್ ವೇಗ, ಆಮೇಲೆ ಇಳಿಯುವ ಜಾಗ, ಅದರ ನಂತರವೇ ಎಂಜಿನ್ನನ್ನು ಎಬ್ಬಿಸುವ ಯತ್ನ: ಟ್ಯಾಂಕು ಬದಲಾವಣೆ, ಕಾರ್ಬ್ಯುರೇಟರಿಗೆ ಬಿಸಿಗಾಳಿ, ಇಂಧನದ ಪಂಪು, ಗಾಳಿ-ಇಂಧನದ ಮಿಶ್ರಣವನ್ನು ಹೊಂದಿಸುವ ಹಿಡಿಕೆ, ಮ್ಯಾಗ್ನೆಟೊ. ರೇಡಿಯೋದಲ್ಲಿ ಮೂರು ಬಾರಿ ‘ಮೇಡೇ’ ಎಂಬ ಆಪತ್ತಿನ ಕರೆ ಕೂಗುವುದು ಇವೆಲ್ಲದರ ನಂತರ. ನಿಯಂತ್ರಣ ಗೋಪುರದವರು ರನ್‌ವೇ ತೆರವುಗೊಳಿಸಬಲ್ಲರು, ಆಂಬುಲೆನ್ಸ್ ಕಳಿಸಬಲ್ಲರು, ವಿಮಾನವನ್ನು ಹಾರಿಸಲಾರರು.

ಒಳ್ಳೆಯ ಹೊಲವನ್ನು ಮೇಲಿನಿಂದ ಗುರುತಿಸುವುದು ಸುಲಭವಲ್ಲ. ಎರಡು ಸಾವಿರ ಅಡಿಯಿಂದ ಎಲ್ಲವೂ ಸಮತಟ್ಟಾಗಿ ಕಾಣುತ್ತದೆ. ಬದು, ಕಾಲುವೆ, ಕಲ್ಲುಗಳು ಕಣ್ಣಿಗೆ ಬೀಳುವುದು ಕೊನೆಯ ಕೆಲವು ನೂರು ಅಡಿಗಳಲ್ಲಿ. ವಿದ್ಯುತ್ ತಂತಿಗಳಂತೂ ಮೇಲಿನಿಂದ ಕಾಣುವುದೇ ಇಲ್ಲ, ಕಂಬಗಳ ಸಾಲು ನೋಡಿ ತಂತಿಯನ್ನು ಊಹಿಸಿಕೊಳ್ಳಬೇಕು. ಖಾಲಿ ಹೆದ್ದಾರಿ ಆಕರ್ಷಕವಾಗಿ ತೋರಿದರೂ ಅಲ್ಲಿ ತಂತಿ, ಸೇತುವೆ, ವಾಹನಗಳ ಅಪಾಯವಿದೆ. ಕೊನೆಯ ಹಂತದಲ್ಲಿ ಇಂಧನವನ್ನೂ ವಿದ್ಯುತ್ತನ್ನೂ ಬಂದ್ ಮಾಡಿ, ಬಾಗಿಲಿನ ಚಿಲಕ ತೆಗೆದಿಡಬೇಕೆಂದು ಸೆಸ್ನಾದ ಕೈಪಿಡಿ ಹೇಳುತ್ತದೆ. ಅಪ್ಪಳಿಸಿದ ಮೇಲೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ತೆರೆಯದೆ ಹೋಗಬಹುದು.

ನೆಲಕ್ಕೆ ತಾಗುವ ವೇಗವೇ ಪೆಟ್ಟಿನ ತೀವ್ರತೆಯನ್ನು ಬಹುಪಾಲು ನಿರ್ಧರಿಸುತ್ತದೆ. ವೇಗ ಇಮ್ಮಡಿಯಾದರೆ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗುರುತ್ವದ ಒಂಬತ್ತು ಪಟ್ಟು ಬಲವನ್ನು ಮೀರದಂತೆ ನಿಲ್ಲಲು ಗಂಟೆಗೆ 80 ಕಿಲೋಮೀಟರ್ ವೇಗದ ವಿಮಾನಕ್ಕೆ ಮೂರು ಮೀಟರಿಗಿಂತ ತುಸು ಕಡಿಮೆ ಅಂತರ ಸಾಕು, 160ರಲ್ಲಿದ್ದರೆ ಹನ್ನೊಂದು ಮೀಟರಿಗೂ ಹೆಚ್ಚು ಬೇಕು. ಹೀಗಾಗಿ ಎದುರುಗಾಳಿಗೆ ಮುಖಮಾಡಿ, ಸ್ಟಾಲ್ ಆಗದಷ್ಟೇ ನಿಧಾನವಾಗಿ, ಹತೋಟಿಯಲ್ಲಿ ನೆಲ ಮುಟ್ಟುವುದು ಮುಖ್ಯ. ಬೆಳೆ, ಪೊದೆ, ರೆಕ್ಕೆ, ಚಕ್ರಗಳು ಮುರಿಯುತ್ತ ವೇಗವನ್ನು ನುಂಗುತ್ತವೆ. ವಿಮಾನ ಹಾಳಾದರೂ ಜನ ಉಳಿಯುತ್ತಾರೆ. ಇಷ್ಟಾಗಿಯೂ ದೇಹವನ್ನು ಹಿಡಿದಿಡುವ ಪಟ್ಟಿ ಗಟ್ಟಿಯಾಗಿರಬೇಕು. ಫೋರ್ಡ್ ಅವರ ವಿಮಾನದ ಭುಜಪಟ್ಟಿಯನ್ನು ತಕ್ಕ ಬಲವರ್ಧನೆಯಿಲ್ಲದೆ ಆಸನದ ಬೆನ್ನಿಗೆ ಜೋಡಿಸಲಾಗಿತ್ತು, ಅವರ ಗಾಯಗಳ ತೀವ್ರತೆಗೆ ಅದೂ ಕಾರಣವಾಯಿತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು.

ತನಿಖೆ, ಮತ್ತು ಹೊಲದಲ್ಲಿ ನಿಂತವರು

ಭಾರತದಲ್ಲಿ ಇಂಥ ಅಪಘಾತಗಳನ್ನು ನಾಗರಿಕ ವಿಮಾನಯಾನ ಸಚಿವಾಲಯದಡಿಯ ವಿಮಾನ ಅಪಘಾತ ತನಿಖಾ ಸಂಸ್ಥೆ ಪರಿಶೀಲಿಸುತ್ತದೆ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಈ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ. ಆದ್ದರಿಂದ ಅವಶೇಷಗಳೇ ಸಾಕ್ಷಿ. ಪ್ರೊಪೆಲ್ಲರಿನ ಅಲಗುಗಳು ಬಾಗಿದ ರೀತಿಯಿಂದ, ಅವುಗಳ ಮೇಲಿನ ಗೀರುಗಳಿಂದ, ನೆಲ ಮುಟ್ಟುವಾಗ ಎಂಜಿನ್ ಬಲದಿಂದ ತಿರುಗುತ್ತಿತ್ತೇ ಎಂದು ಅಂದಾಜಿಸುತ್ತಾರೆ. ಟ್ಯಾಂಕಿನಲ್ಲಿ ಉಳಿದ ಇಂಧನ, ತಿರುಗುಹಿಡಿಕೆ ನಿಂತಿರುವ ಜಾಗ, ಮ್ಯಾಗ್ನೆಟೊ ಸ್ವಿಚ್ಚಿನ ಸ್ಥಾನ, ಎಲ್ಲವನ್ನೂ ದಾಖಲಿಸುತ್ತಾರೆ.

ನಮ್ಮ ಊರಿನ ಹೊಲದಲ್ಲಿ ವಿಮಾನ ಇಳಿದರೆ ಸುತ್ತಲಿನವರು ಓಡಿಬರುವುದು ಸಹಜ, ಗಾಯಾಳುಗಳಿಗೆ ಮೊದಲ ನೆರವು ಸಿಗುವುದೂ ಹೆಚ್ಚಾಗಿ ಅವರಿಂದಲೇ. ಜನರನ್ನು ಹೊರತೆಗೆಯುವುದಕ್ಕೆ, ಬೆಂಕಿ ತಡೆಯುವುದಕ್ಕೆ ಅವಶೇಷವನ್ನು ಸರಿಸಲು ನಿಯಮವೇ ಅವಕಾಶ ಕೊಡುತ್ತದೆ. ಉಳಿದಂತೆ ಯಾವುದನ್ನೂ ಕದಲಿಸುವಂತಿಲ್ಲ. ರೆಕ್ಕೆಯಿಂದ ಪೆಟ್ರೋಲ್ ಸೋರುತ್ತಿರಬಹುದಾದ್ದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. 112ಕ್ಕೆ ಕರೆಮಾಡಿ ಜಾಗವನ್ನು ನಿಖರವಾಗಿ ತಿಳಿಸಬೇಕು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಸಿರಸ್‌ನಂಥ ಕೆಲವು ಸಣ್ಣ ವಿಮಾನಗಳಲ್ಲಿ ಇಡೀ ವಿಮಾನವನ್ನೇ ತೂಗಿ ಇಳಿಸುವ ಪ್ಯಾರಾಚೂಟ್ ಇರುತ್ತದೆ, ಅದನ್ನು ಹೊರಕ್ಕೆ ಎಳೆದೊಯ್ಯಲು ಸಣ್ಣ ರಾಕೆಟ್ ಇರುತ್ತದೆ. ಅಪಘಾತದಲ್ಲಿ ಅದು ಸಿಡಿಯದೆ ಉಳಿದಿದ್ದರೆ ಅವಶೇಷವನ್ನು ಎಳೆದಾಡುವಾಗ ಸಿಡಿಯಬಹುದು. ವಿಮಾನದ ಹೊರಮೈಯಲ್ಲಿ ಇದರ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ಅಂಥ ಚೀಟಿ ಕಂಡ ಭಾಗದ ಎದುರು ನಿಲ್ಲಬಾರದು.